ತಿರುವಿನಲ್ಲಷ್ಟೇ ಕೇಳುವ ಕಟಕಟ

ಬೆಂಗಳೂರಿನ ಕಾಮಾಕ್ಷಿಪಾಳ್ಯ ದಾಟಿ ಸುಂಕದಕಟ್ಟೆಯ ಕಡೆ ಹೊರಟರೆ ಮಾಗಡಿ ರಸ್ತೆಯಲ್ಲೂ ಅದರ ಅಡ್ಡರಸ್ತೆಗಳಲ್ಲೂ ಪಿಕಪ್ ಗಾಡಿಗಳ ಗ್ಯಾರೇಜುಗಳು ಕಾಣುತ್ತವೆ. ಕೆಎ-02, ಕೆಎ-41 ನಂಬರಿನ ಬೊಲೆರೊ ಪಿಕಪ್, ಟಾಟಾ ಏಸ್, ದೋಸ್ತ್‌ಗಳು ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದ ಮೇಲೆ ಇಲ್ಲಿಗೆ ತರುವ ದೂರುಗಳಲ್ಲಿ ಒಂದು ಹೀಗಿರುತ್ತದೆ: “ಸೀದಾ ಹೋದ್ರೆ ಏನೂ ಇಲ್ಲಣ್ಣ, ತಿರುಗಿಸಿದ್ರೆ ಹಿಂದೆ ಕಟಕಟ ಅನ್ನುತ್ತೆ.” ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಕ್ರೌನ್ ಹೋಗಿದೆ, ಹೌಸಿಂಗ್ ಬಿಚ್ಚಬೇಕು.” ಡ್ರೈವರ್ ಹೇಳಿದ್ದರಲ್ಲಿ ಒಂದು ಖಚಿತವಾದ ಸುಳಿವಿದೆ. ಉತ್ತರ ಆ ಸುಳಿವನ್ನು ಬಳಸಿಕೊಳ್ಳುವುದೇ ಇಲ್ಲ. ಈ ರಿಪೇರಿಯ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಹಿಂದಿನ ಆಕ್ಸಲ್ಲಿನ ಹೌಸಿಂಗಿನೊಳಗಿದ್ದು ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಹಲ್ಲುಚಕ್ರಗಳಾದ ಕ್ರೌನ್, ಪಿನಿಯನ್ ಎರಡೂ ಗಾಡಿ ಸೀದಾ ಹೋಗುವಾಗಲೂ ತಿರುಗುವಾಗಲೂ ಒಂದೇ ಸಮ ದುಡಿಯುತ್ತವೆ. ಅವು ಕೆಟ್ಟಿದ್ದರೆ ಸದ್ದು ತಿರುವಿಗೆ ಕಾಯುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಎನ್ನುತ್ತದೆ, ಬಿಟ್ಟಾಗ ಸ್ವರ ಬದಲಾಗುತ್ತದೆ. ಕ್ರೌನಿನ ಹಲ್ಲು ಮುರಿದಿದ್ದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಟಕ್ ಎನ್ನುತ್ತದೆ, ಪಿನಿಯನ್ನಿನ ಹಲ್ಲಾದರೆ ಅಷ್ಟರಲ್ಲೇ ನಾಲ್ಕೈದು ಸಲ. ತಿರುವಿನಲ್ಲಿ ಮಾತ್ರ ಕೆಲಸ ಮಾಡುವ ಭಾಗ ಬೇರೆಯೇ ಇದೆ. ಕ್ರೌನಿಗೆ ಅಂಟಿಕೊಂಡ ಕೇಜಿನೊಳಗೆ ಒಂದು ಪಿನ್ನಿನ ಮೇಲೆ ಕೂತಿರುವ ಸ್ಟಾರ್ ಗೇರ್‌ಗಳು ಮತ್ತು ಅವುಗಳ ಬೆನ್ನಿಗಿರುವ ತೆಳು ವಾಷರ್‌ಗಳು ಅವು. ಸೀದಾ ರಸ್ತೆಯಲ್ಲಿ ಸ್ಟಾರ್ ತನ್ನ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ಹಿಂದಿನ ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ, ರಾಜಾಜಿನಗರದ ಬ್ಲಾಕೊಂದರಲ್ಲಿ ಗಾಡಿ ಪೂರ್ತಿ ಯೂ-ಟರ್ನ್ ಹೊಡೆಯುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಓಡಬೇಕು. ಆ ವ್ಯತ್ಯಾಸವನ್ನು ನುಂಗುವುದು ಸ್ಟಾರ್. ಫ್ರೆಂಚ್ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಗಾಡಿಗೆಂದು ರೂಪಿಸಿದ ಡಿಫರೆನ್ಷಿಯಲ್ ಎಂಬ ಈ ಏರ್ಪಾಡು ಇಂದಿಗೂ ಮೂಲದಲ್ಲಿ ಹಾಗೇ ಇದೆ.

ಹಾಗಾದರೆ ಸ್ಟಾರ್ ಕೆಡುವುದೇಕೆ? ಉತ್ತರ ಕೆಂಗೇರಿಯಾಚೆಯ ಕೆಂಪೇಗೌಡ ಬಡಾವಣೆಯ ಸೈಟುಗಳಲ್ಲಿದೆ. ಮಳೆಗಾಲದಲ್ಲಿ ಜಲ್ಲಿ, ಸಿಮೆಂಟ್ ಹೊತ್ತ ಪಿಕಪ್ಪಿನ ಒಂದು ಚಕ್ರ ಕೆಸರಿನಲ್ಲಿ ಹೂತು ಗಿರ್ರೆಂದು ಸುತ್ತುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಆಗ ಸುತ್ತುವ ಚಕ್ರದ ವೇಗ ಕ್ರೌನಿನ ಎರಡರಷ್ಟು. ನಿಧಾನ ತಿರುವಿಗೆಂದು ಮಾಡಿದ ಸ್ಟಾರ್ ಪಿನ್ನಿನ ಮೇಲೆ ಹುಚ್ಚಾಪಟ್ಟೆ ತಿರುಗಿ, ನಡುವಿನ ಎಣ್ಣೆಯ ಪೊರೆ ಹರಿದು, ಪಿನ್ ಗೀರಿಹೋಗುತ್ತದೆ. ಹಿಂದೆ ಒಂದು ಹೊಸ ಟೈರು, ಇನ್ನೊಂದು ಸವೆದ ರೀಬಟನ್ ಟೈರು ಹಾಕಿ ಓಡಿಸುವ ರೂಢಿಯೂ ಕಾರಣವೇ. ಎರಡರ ಸುತ್ತಳತೆ ಬೇರೆಯಾದ್ದರಿಂದ ಸೀದಾ ರಸ್ತೆಯಲ್ಲೂ ಸ್ಟಾರಿಗೆ ಬಿಡುವಿರುವುದಿಲ್ಲ. ಸ್ಟಾರ್, ಪಿನ್, ವಾಷರ್ ಬದಲಿಸಿದರೆ ಮುಗಿಯಬಹುದಾದ ಕೆಲಸಕ್ಕೆ ಕ್ರೌನ್ ಸೆಟ್ಟಿನ ದುಡ್ಡು ತೆರುವುದು ಬಾಡಿಗೆ ಹೊಡೆದು ಬದುಕುವವನಿಗೆ ದೊಡ್ಡ ಪೆಟ್ಟು.

ನಮ್ಮ ಮೆಕ್ಯಾನಿಕ್‌ಗಳ ಕಿವಿಯ ಬಗ್ಗೆ ನನಗೆ ಗೌರವವಿದೆ. ವಿಜಯನಗರದ ಕಡೆಯ ಗ್ಯಾರೇಜೊಂದರಲ್ಲಿ ಇದೇ ದೂರಿನ ಗಾಡಿಯೊಂದರ ಮೇಲೆ ಹಿರಿಯ ಮೇಸ್ತ್ರಿಯೊಬ್ಬರು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿದೆ. ಹೌಸಿಂಗ್ ಬಿಚ್ಚುವ ಮಾತನ್ನೇ ಅವರು ಎತ್ತಲಿಲ್ಲ. ಮೊದಲು ಹುಡುಗನನ್ನು ಹಿಂದಿನ ಡೆಕ್ಕಿನಲ್ಲಿ ಕೂರಿಸಿಕೊಂಡು ಖಾಲಿ ಜಾಗದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ಸ್ಟೇರಿಂಗ್ ಕಟ್ ಮಾಡಿ ಓಡಿಸಿದರು. ಬಂದು ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡಿಗೆ ಕೂರಿಸಿ, ಗಾಡಿಯಡಿ ಮಲಗಿದರು. ಒಂದು ಕೈ ಜಾಯಿಂಟ್ ಶಾಫ್ಟಿನ ಮೇಲೆ, ಇನ್ನೊಂದು ಪಿನಿಯನ್ನಿನ ಫ್ಲ್ಯಾಂಜ್ ಮೇಲೆ. ಎರಡನ್ನೂ ಎದುರುಬದುರಾಗಿ ಅಲ್ಲಾಡಿಸಿದಾಗ ಅವೆರಡನ್ನೂ ಜೋಡಿಸುವ ಮಧ್ಯದ ಕ್ರಾಸಿನಲ್ಲಿ ಪ್ಲೇ, ಅಂದರೆ ಸಡಿಲು, ಸಿಕ್ಕಿತು. ಆಮೇಲೆ ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯೂ-ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಾಕಿದರು, ಒಂದು ಅರ್ಧ ಸುತ್ತು ತಿರುಗಿತು. ಡ್ರೇನ್ ಪ್ಲಗ್ ಬಿಚ್ಚಿ ಅದರ ಮ್ಯಾಗ್ನೆಟ್ಟಿಗೆ ಹತ್ತಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿದರು. ನುಣ್ಣನೆಯ ಕಪ್ಪು ಕೆಸರು ಮಾತ್ರ ಇತ್ತು, ಚೂರುಗಳಿರಲಿಲ್ಲ. ಆ ಗಾಡಿಯ ಸದ್ದು ಕ್ರಾಸ್ ಬದಲಿಸಿ ಯೂ-ಬೋಲ್ಟ್ ಬಿಗಿದದ್ದಕ್ಕೇ ನಿಂತಿತು. ಇಷ್ಟನ್ನು ಪ್ರತಿ ಗ್ಯಾರೇಜೂ ಮಾಡಬೇಕು. ಇದಕ್ಕೆ ಬೇಕಾಗುವುದು ತಾಳ್ಮೆಯೊಂದೇ.

ಹೆಚ್ಚು ಲೋಡಿಗೆಂದು ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದ ಗಾಡಿಗಳಲ್ಲಿ ಇನ್ನೊಂದು ಬಗೆಯ ಸದ್ದಿದೆ. ಖಾಲಿ ಇರುವಾಗ ಹಿಂಭಾಗ ಎತ್ತಿನಿಂತು ಶಾಫ್ಟಿನ ಕೋನ ಕೆಡುತ್ತದೆ, ಹೊರಡುವಾಗ ಗಡಗಡ ನಡುಗುತ್ತದೆ. ಇದಕ್ಕೂ ಹೌಸಿಂಗ್ ಬಿಚ್ಚಿಸಿಕೊಂಡವರಿದ್ದಾರೆ.

ಅಮೆರಿಕದ ಪಿಕಪ್‌ಗಳ ಕಥೆ ಕೇಳಿ, ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಸುರಿದರೆ ಸರಿಹೋಗುತ್ತದೆ ಎಂದು ನಂಬಿದವರೂ ಈಗ ಸಿಗುತ್ತಾರೆ. ಅದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿನ ಕ್ಲಚ್ ಪ್ಲೇಟುಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವ ಸದ್ದಿಗೆ ಮದ್ದು. ನಮ್ಮ ಸಾಮಾನು ಸಾಗಿಸುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಓಪನ್ ಡಿಫರೆನ್ಷಿಯಲ್. ಅದರಲ್ಲಿ ಆ ಪ್ಲೇಟುಗಳೇ ಇಲ್ಲ. ಎಣ್ಣೆಯ ದರ್ಜೆ ಮಾತ್ರ ನಿಜಕ್ಕೂ ಮುಖ್ಯ. ಪ್ಯಾಕಾರ್ಡ್ ಕಂಪನಿ 1926ರಲ್ಲಿ ಕಾರಿಗೆ ತಂದ ಹೈಪಾಯ್ಡ್ ಬಗೆಯ ಜೋಡಿಯಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕಿಂತ ಕೆಳಗೆ ಕೂರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಜಾರಿ ಉಜ್ಜುತ್ತವೆ. ಅದಕ್ಕೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಕೆಲವು ಅಂಗಡಿಗಳಲ್ಲಿ ‘ಕ್ರೌನ್ ಆಯಿಲ್’ ಎಂದು ಕೇಳಿದರೆ ದರ್ಜೆ ನೋಡದೆ ಬ್ಯಾರಲ್ಲಿನಿಂದ ಅಳೆದು ಕೊಡುತ್ತಾರೆ. ಗಾಡಿ ಮಾರುವ ಮುನ್ನ ಸದ್ದು ಮುಚ್ಚಲೆಂದು ದಪ್ಪ ಎಣ್ಣೆ ತುಂಬಿಸುವುದಂತೂ ಕೊಳ್ಳುವವನಿಗೆ ಮಾಡುವ ಮೋಸ.

ಸ್ಟಾರಿನ ದೋಷ ಖಚಿತವಾಗಿ ಹೌಸಿಂಗ್ ಬಿಚ್ಚಿದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಕೇಜ್ ಹೊರಬಂತೆಂದರೆ ಅದನ್ನು ವಾಪಸ್ ಕೂರಿಸುವಾಗ ಕ್ರೌನ್-ಪಿನಿಯನ್ ನಡುವಿನ ಪ್ಲೇ ಮತ್ತೆ ಕೂಡಿಸಬೇಕು. ಆ ಪ್ಲೇ ಎಷ್ಟಿರಬೇಕೆಂದು ಆಯಾ ಗಾಡಿಯ ಮ್ಯಾನ್ಯುಯಲ್ ಹೇಳುತ್ತದೆ. ಸಾಮಾನ್ಯವಾಗಿ 0.15ರಿಂದ 0.20 ಮಿಲಿಮೀಟರ್ ಆಸುಪಾಸು, ಅಂದರೆ ದಿನಪತ್ರಿಕೆಯ ಎರಡು-ಮೂರು ಹಾಳೆ ಒಟ್ಟಿಗೆ ಹಿಡಿದಷ್ಟು ದಪ್ಪ. ಇದನ್ನು ನಮ್ಮಲ್ಲಿ ಕೈಯಲ್ಲಿ ಅಲ್ಲಾಡಿಸಿ “ಸಾಕು” ಎಂದು ನಿರ್ಧರಿಸುತ್ತಾರೆ. ಹಲ್ಲಿನ ಮೇಲೆ ಬಣ್ಣ ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬಿತ್ತೆಂದು ನೋಡುವವರು ಕಡಿಮೆ. ತಪ್ಪು ಕೂತ ಕ್ರೌನ್ ಕೆಲವೇ ತಿಂಗಳಲ್ಲಿ ಗುಂಯ್‌ಗುಡಲು ತೊಡಗುತ್ತದೆ, ಒಂದು ಸಣ್ಣ ದೋಷ ರಿಪೇರಿಯಿಂದಲೇ ದೊಡ್ಡದಾಗುತ್ತದೆ.

ನನಗೆ ಇದು ಸಹಿಸಲಾಗದ್ದು ಏಕೆಂದರೆ ಅಳತೆಯ ವಿದ್ಯೆ ಈ ಸೀಮೆಗೆ ಹೊಸದಲ್ಲ. ಇದೇ ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವಿದೆ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುವ ಡಯಲ್ ಗೇಜು ದಿನನಿತ್ಯದ ಸಾಧನ. ಗ್ಯಾರೇಜಿಗೂ ಆ ಶೆಡ್ಡಿಗೂ ನಡುವೆ ಒಂದೆರಡು ರಸ್ತೆ. ಕ್ರೌನ್ ಸೆಟ್ಟಿನ ಕೂಲಿಗೆ ಹೋಲಿಸಿದರೆ ಗೇಜಿನ ಬೆಲೆ ಹೊರೆಯೇನಲ್ಲ, ಆದರೂ ಅದು ಆ ರಸ್ತೆ ದಾಟಿಲ್ಲ.

ಗುಜರಿಯಿಂದ ಇಡೀ ಹೌಸಿಂಗ್ ತಂದು ಕೂರಿಸುವುದು ಇನ್ನೊಂದು ದಾರಿ. ಅದನ್ನು ಸಾರಾಸಗಟು ತಳ್ಳಿಹಾಕಲಾರೆ. ಗಾಡಿ ನಿಂತ ದಿನ ಬಾಡಿಗೆಯಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಒಂದೇ ದಿನದಲ್ಲಿ ಮುಗಿಯುವ ಕೆಲಸಕ್ಕೆ ಅದರದೇ ಬೆಲೆಯಿದೆ. ಕಾರ್ಖಾನೆಯಲ್ಲಿ ಕೂಡಿಸಿದ ಸೆಟ್ಟಿಂಗ್ ಕೆಡದೆ ಉಳಿದ ಹೌಸಿಂಗ್ ಸಿಕ್ಕರೆ ಅಂದಾಜಿನಲ್ಲಿ ಕೂಡಿಸಿದ ಪ್ಲೇಗಿಂತ ಅದೇ ಮೇಲು. ಆದರೆ ಹಲ್ಲಿನ ಲೆಕ್ಕ ಹೊಂದಬೇಕು. 41ಕ್ಕೆ 10ರ ಜಾಗದಲ್ಲಿ 41ಕ್ಕೆ 9 ಬಂದರೆ ಗಾಡಿಯ ಎಳೆತವೂ ಮೈಲೇಜೂ ಬದಲಾಗುತ್ತವೆ. ಒಂದು ಗಾಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ ಜೋಡಿಸುವುದಂತೂ ಸಲ್ಲದು. ಅವನ್ನು ಒಟ್ಟಿಗೆ ಉಜ್ಜಿ ಜೋಡಿಯಾಗಿಯೇ ತಯಾರಿಸಿರುತ್ತಾರೆ.

ಹೊಸ ಸೆಟ್ ಹಾಕಿಸಿದವರಿಗೆ ಗ್ಯಾರೇಜುಗಳು ಹೇಳದೆ ಬಿಡುವ ಮಾತೊಂದಿದೆ: ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಲೋಡ್ ಹಾಕಬಾರದು, ಆಮೇಲೆ ಎಣ್ಣೆ ಬದಲಿಸಬೇಕು, ಹೌಸಿಂಗಿನ ಗಾಳಿಕಿಂಡಿಯಾದ ಬ್ರೀದರ್ ಕಟ್ಟಿಕೊಂಡಿಲ್ಲವೆಂದು ನೋಡಬೇಕು. ಕಟ್ಟಿದರೆ ಒತ್ತಡಕ್ಕೆ ಎಣ್ಣೆ ಸೀಲು ದಾಟಿ ಬ್ರೇಕ್ ಶೂ ಮೇಲೆ ಹರಿಯುತ್ತದೆ. ಬಿಲ್ಲಿನಲ್ಲಿ ಕೂಲಿಯ ಪಕ್ಕ ಗೇಜು ತೋರಿಸಿದ ಪ್ಲೇ ಎಷ್ಟೆಂದು ಬರೆದುಕೊಡಿ ಎಂದು ಮಾಲೀಕರು ಕೇಳಬೇಕು. ಆ ಒಂದು ಸಂಖ್ಯೆ ಬರೆಯಲೇಬೇಕಾದರೆ ಗ್ಯಾರೇಜು ಗೇಜನ್ನು ತರಲೇಬೇಕಾಗುತ್ತದೆ.