ವಿನ್‌ರಾರ್: ದುರಸ್ತಿಯಾದರೂ ಉಳಿದುಕೊಳ್ಳುವ ದೋಷ

ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್, ಎಲ್ಲೇ ಹೋಗಿ ವಿಂಡೋಸ್ ಕಂಪ್ಯೂಟರಿನ ಮುಂದೆ ಕೂತರೂ ಬೆಲ್ಟ್ ಬಿಗಿದ ಮೂರು ಪುಸ್ತಕಗಳ ಆ ಪುಟ್ಟ ಚಿತ್ರ ಕಣ್ಣಿಗೆ ಬೀಳುತ್ತದೆ. ರಷ್ಯಾದ ಯೂಜೀನ್ ರೋಶಾಲ್ 1993ರಲ್ಲಿ ರೂಪಿಸಿದ ರಾರ್ ಎರಡು ವರ್ಷಗಳಲ್ಲಿ ವಿನ್‌ರಾರ್ ಆಗಿ ವಿಂಡೋಸ್‌ಗೂ ಬಂತು; ಆ ಚಿತ್ರ ಅದರದೇ. 40 ದಿನಗಳ ಪ್ರಾಯೋಗಿಕ ಅವಧಿ ಮುಗಿದ ಮೇಲೆ ಅದು ದುಡ್ಡು ಕೇಳುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ. ಈ ಧಾರಾಳತನದಿಂದಲೇ ಅದು ಜಗತ್ತಿನಾದ್ಯಂತ 50 ಕೋಟಿಗೂ ಹೆಚ್ಚು ಜನರನ್ನು ತಲುಪಿತು. ಫೈಲುಗಳನ್ನು ಕುಗ್ಗಿಸುವ, ಬಿಚ್ಚುವ ಕೆಲಸದಲ್ಲಿ ಅದನ್ನು ಮೆಚ್ಚಲೇಬೇಕು. ಆದರೆ ಒಂದು ತಂತ್ರಾಂಶವನ್ನು ಅಳೆಯಲು ಅಷ್ಟೇ ಸಾಲದು. ತನ್ನೊಳಗೆ ಬಿರುಕು ಕಾಣಿಸಿಕೊಂಡಾಗ ಅದು ಬಳಕೆದಾರನನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನೂ ನೋಡಬೇಕು. ಅಲ್ಲಿ ವಿನ್‌ರಾರ್ ಸೋತಿದೆ.

2019ರ ಫೆಬ್ರುವರಿಯಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು 19 ವರ್ಷಗಳಿಂದ ಒಳಗೇ ಕುಳಿತಿದ್ದ ಒಂದು ದೋಷವನ್ನು ಬಯಲಿಗೆಳೆದರು. ಆ ಹೊತ್ತಿಗೆ ಬಹುತೇಕ ಯಾರೂ ಬಳಸದಿದ್ದ ಏಸ್ ಎಂಬ ಹಳೆಯ ಮಾದರಿಯ ಫೈಲುಗಳನ್ನು ಬಿಚ್ಚಲು ವಿನ್‌ರಾರ್ ಹೊರಗಿನವರು ಬರೆದ ಒಂದು ಡಿಎಲ್‌ಎಲ್ (ಸಿದ್ಧ ಕೋಡಿನ ಫೈಲು) ಅನ್ನು ಇಟ್ಟುಕೊಂಡಿತ್ತು. ಅದರ ಮೂಲ ಕೋಡ್ ವಿನ್‌ರಾರ್ ತಯಾರಕರ ಕೈಯಲ್ಲೇ ಇರಲಿಲ್ಲ. ಆರ್ಕೈವಿನೊಳಗಿನ, ಅಂದರೆ ಕುಗ್ಗಿಸಿ ಕಟ್ಟಿದ ಕಂತೆಯೊಳಗಿನ, ಪ್ರತಿ ಫೈಲಿನ ಜೊತೆ ಅದನ್ನು ಎಲ್ಲಿ ಇಳಿಸಬೇಕೆಂಬ ದಾರಿಯೂ ಬರೆದಿರುತ್ತದೆ. ಆ ದಾರಿಯನ್ನು ಸರಿಯಾಗಿ ಪರೀಕ್ಷಿಸದೆ ನಂಬಿದ್ದೇ ತಪ್ಪು. ನೀವು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿಚ್ಚುತ್ತಿದ್ದೇನೆ ಎಂದುಕೊಂಡರೆ, ಒಳಗಿದ್ದ ಕೆಟ್ಟ ಪ್ರೋಗ್ರಾಂ ಸದ್ದಿಲ್ಲದೆ ವಿಂಡೋಸ್‌ನ ಸ್ಟಾರ್ಟ್‌ಅಪ್ ಫೋಲ್ಡರಿಗೆ ಹೋಗಿ ಕೂರುತ್ತಿತ್ತು. ಮರುದಿನ ಕಂಪ್ಯೂಟರ್ ಆನ್ ಮಾಡಿದರೆ ಅದು ತಾನಾಗಿಯೇ ಓಡುತ್ತಿತ್ತು. ಏಸ್ ಫೈಲಿನ ಹೆಸರಿನ ಕೊನೆಯನ್ನು ರಾರ್ ಎಂದು ಬದಲಿಸಿದರೆ ಸಾಕು, ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ. ಸುದ್ದಿ ಹೊರಬಿದ್ದ ಮೊದಲ ವಾರದಲ್ಲೇ ಈ ದೋಷವನ್ನು ದುರುಪಯೋಗಪಡಿಸಿಕೊಳ್ಳುವ 100ಕ್ಕೂ ಹೆಚ್ಚು ಬಗೆಯ ಫೈಲುಗಳು ಕಂಡುಬಂದವು ಎಂದು ಭದ್ರತಾ ಸಂಸ್ಥೆ ಮ್ಯಾಕಫೀ ವರದಿ ಮಾಡಿತು. ತಯಾರಕರು 5.70ನೇ ಆವೃತ್ತಿಯಲ್ಲಿ ಏಸ್ ಬೆಂಬಲವನ್ನೇ ಕಿತ್ತುಹಾಕಿದರು. ಅದು ದಿಟ್ಟ ನಿರ್ಧಾರ, ಸರಿಯಾದ ನಿರ್ಧಾರ ಕೂಡ.

ಆದರೆ ಆ ಪಾಠ ಏಸ್ ಒಂದಕ್ಕೇ ಸಂಬಂಧಿಸಿದ್ದಾಗಿರಲಿಲ್ಲ. ಆರ್ಕೈವ್ ಹೇಳಿದ ದಾರಿಯನ್ನು ನಂಬಬಾರದು ಎನ್ನುವುದು ಇಡೀ ಪ್ರೋಗ್ರಾಮಿಗೆ ಅನ್ವಯಿಸಬೇಕಿತ್ತು. 2025ರ ಜುಲೈನಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಕಂಡುಹಿಡಿದ ದೋಷವೂ ಮೂಲದಲ್ಲಿ ಇದೇ. ವಿಂಡೋಸ್‌ನ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲಿನ ಬೆನ್ನಿಗೆ ಕಣ್ಣಿಗೆ ಕಾಣದ ಇನ್ನಷ್ಟು ಮಾಹಿತಿ ಅಂಟಿಸುವ ಸೌಲಭ್ಯವಿದೆ. ದಾಳಿಕೋರರು ಅದರೊಳಗೆ ದಾರಿಯನ್ನು ಅಡಗಿಸಿಟ್ಟಿದ್ದರು. ಕೆಟ್ಟ ಫೈಲು ಹೋಗಿ ಕೂತದ್ದು ಮತ್ತದೇ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ. ರಾಮ್‌ಕಾಮ್ ಎಂಬ ದಾಳಿಕೋರರ ಗುಂಪು ಇದನ್ನು ಉದ್ಯೋಗದ ಅರ್ಜಿಯ ರೂಪದಲ್ಲಿ ಯುರೋಪ್ ಮತ್ತು ಕೆನಡಾದ ಕಂಪನಿಗಳಿಗೆ ಕಳಿಸಿತ್ತು. ಅರ್ಜಿಗಳನ್ನು ತೆರೆದು ನೋಡುವುದೇ ಕೆಲಸವಾಗಿರುವ ಎಚ್‌ಆರ್ ಸಿಬ್ಬಂದಿಯನ್ನು ಇದಕ್ಕಾಗಿ ದೂರುವುದು ಅನ್ಯಾಯ. ಆರು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ತಪ್ಪು ಮರುಕಳಿಸಿದೆ ಎಂದರೆ ಕೋಡನ್ನು ಬುಡದಿಂದ ಪರಿಶೀಲಿಸಿಲ್ಲ, ಹರಿದಲ್ಲಿ ಹರಿದಲ್ಲಿ ತೇಪೆ ಹಾಕುತ್ತ ಬಂದಿದ್ದಾರೆ ಎಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ತೇಪೆ ಹಾಕುವುದರಲ್ಲಿ ಅವರು ಚುರುಕು, ಅದನ್ನೂ ಹೇಳಬೇಕು. ಇಸೆಟ್ ಜುಲೈ 18ರಂದು ಕಂಡ ದೋಷಕ್ಕೆ ಜುಲೈ 30ರಂದು 7.13ನೇ ಆವೃತ್ತಿ ಉತ್ತರವಾಗಿ ಬಂತು. ಇಷ್ಟು ಬೇಗ ಸ್ಪಂದಿಸುವುದು ದೊಡ್ಡ ಕಂಪನಿಗಳಿಗೂ ಎಷ್ಟೋ ಸಲ ಆಗುವುದಿಲ್ಲ. ಆದರೆ ಆ ಪರಿಹಾರ ನಿಮ್ಮ ಕಂಪ್ಯೂಟರಿಗೆ ಬರುವುದು ಹೇಗೆ? ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೊಸ ಆವೃತ್ತಿ ಬಂದಿದೆ ಎಂದು ಬಳಕೆದಾರನಿಗೆ ಹೇಗೋ ಗೊತ್ತಾಗಬೇಕು, ಅವನೇ ಹೋಗಿ ಇಳಿಸಿಕೊಳ್ಳಬೇಕು. 2023ರಲ್ಲಿ ಆದದ್ದನ್ನು ನೋಡಿ. ಚಿತ್ರವೊಂದನ್ನು ಕ್ಲಿಕ್ ಮಾಡಿದರೆ ಅದೇ ಹೆಸರಿನ ಫೋಲ್ಡರಿನಲ್ಲಿದ್ದ ಸ್ಕ್ರಿಪ್ಟ್ ಓಡುವಂಥ ದೋಷವನ್ನು ಆಗಸ್ಟ್ 2ರಂದು 6.23ನೇ ಆವೃತ್ತಿಯಲ್ಲಿ ಸರಿಪಡಿಸಿದರು. ಷೇರು ವಹಿವಾಟು ಮಾಡುವವರ ಖಾತೆಗಳಿಗೆ ಕನ್ನ ಹಾಕಲು ಆ ವರ್ಷದ ಏಪ್ರಿಲ್‌ನಿಂದಲೇ ಅದು ಬಳಕೆಯಾಗಿತ್ತು. ದುರಸ್ತಿಯಾಗಿ ಎರಡು ತಿಂಗಳು ಕಳೆದ ಮೇಲೂ, ಅಕ್ಟೋಬರ್‌ನಲ್ಲಿ, ಸರ್ಕಾರಗಳ ಬೆಂಬಲವಿರುವ ಗುಂಪುಗಳು ಅದೇ ದೋಷವನ್ನು ಬಳಸುತ್ತಿವೆ ಎಂದು ಗೂಗಲ್ ಎಚ್ಚರಿಸಬೇಕಾಯಿತು. ದಾಳಿಕೋರರಿಗೆ ಹೊಸ ದೋಷ ಹುಡುಕುವ ಶ್ರಮವೇ ಬೇಕಾಗಲಿಲ್ಲ.

ತಾನಾಗಿ ಆಗುವ ಅಪ್‌ಡೇಟಿನಲ್ಲೂ ಅಪಾಯವಿದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ತಂತ್ರಾಂಶಕ್ಕೆ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಅಂದು ಚೆಕ್-ಇನ್ ಸಾಲುಗಳು ಉದ್ದವಾದವು. ಆದರೆ ಅದು ವಿಂಡೋಸ್‌ನ ಅಂತರಾಳದಲ್ಲಿ ಓಡುವ ತಂತ್ರಾಂಶ. ಫೈಲು ಬಿಚ್ಚುವ ಪ್ರೋಗ್ರಾಮಿನಿಂದ ನಾವು ಕೇಳುತ್ತಿರುವುದು ಅದಕ್ಕಿಂತ ತೀರಾ ಚಿಕ್ಕದು. ಲೈಸೆನ್ಸ್ ಕೊಳ್ಳಿ ಎಂದು ಪದೇ ಪದೇ ಕಿಟಕಿ ತೆರೆಯುವ ತಂತ್ರಾಂಶ, ನಿಮ್ಮ ಆವೃತ್ತಿ ಅಪಾಯಕಾರಿ ಎಂದೂ ಅಷ್ಟೇ ಢಾಳಾಗಿ ಹೇಳಬೇಕು. ಒತ್ತಾಯ ಬೇಡ, ಎಚ್ಚರಿಕೆ ಬೇಕು. ತಾನಾಗಿ ಅಪ್‌ಡೇಟ್ ಆಗದ ಈ ಕೊರತೆ ಇದೇ ಕೆಲಸ ಮಾಡುವ ಉಚಿತ ತಂತ್ರಾಂಶ ಸೆವೆನ್-ಜಿಪ್‌ನಲ್ಲೂ ಇದೆ ಎಂಬುದು ವಿನ್‌ರಾರ್‌ಗೆ ಸಮರ್ಥನೆಯಾಗದು.

ತಯಾರಕರು ಬದಲಾಗುವವರೆಗೆ ಕಾಯಬೇಡಿ. ವಿನ್‌ರಾರ್ ತೆರೆದು, ಹೆಲ್ಪ್ ಮೆನುವಿನಲ್ಲಿ ಅಬೌಟ್ ಒತ್ತಿ. ಅಲ್ಲಿರುವ ಸಂಖ್ಯೆ 7.13ಕ್ಕಿಂತ ಕಡಿಮೆಯಿದ್ದರೆ ಇಂದೇ ತೆಗೆದುಹಾಕಿ, ಕಂಪನಿಯ ಅಧಿಕೃತ ತಾಣದಿಂದ ಹೊಸದನ್ನು ಹಾಕಿಕೊಳ್ಳಿ. ವಿಂಡೋಸ್ 11 ಇರುವವರು ಹೊಸದನ್ನು ಹಾಕಿಕೊಳ್ಳಲೂ ಬೇಕಿಲ್ಲ. 2023ರ ಕೊನೆಯಿಂದೀಚೆಗೆ ಆ ವಿಂಡೋಸ್ ಸಾಮಾನ್ಯ ರಾರ್ ಫೈಲುಗಳನ್ನು ತಾನೇ ಬಿಚ್ಚುತ್ತದೆ. ನಿಮ್ಮ ಅಪ್ಪ ಅಮ್ಮನ ಹಳೆಯ ಕಂಪ್ಯೂಟರನ್ನೂ, ನೀವು ಪ್ರಿಂಟ್ ತೆಗೆಸುವ ಅಂಗಡಿಯ ಕಂಪ್ಯೂಟರನ್ನೂ ಒಮ್ಮೆ ನೋಡಿಕೊಡಿ.