ರನ್ನನ ಗದಾಯುದ್ಧದಲ್ಲಿ ಶೋಕವೂ ಛಲವೂ

ರನ್ನನ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ'ವೆಂಬ ಇನ್ನೊಂದು ಹೆಸರುಂಟು. ಚಾಲುಕ್ಯ ಚಕ್ರವರ್ತಿಯಾದ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಅಭೇದಗೊಳಿಸಿ ಬರೆದ ಹತ್ತು ಆಶ್ವಾಸಗಳ ಈ ಚಂಪುವಿಗೆ ಕವಿಯು ಉದ್ದೇಶಿಸಿದ ನಾಯಕನು ಭೀಮನೇ. ಆದರೆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲತಕ್ಕವನು ದುರ್ಯೋಧನನು. ಇದಕ್ಕೆ ವಿಮರ್ಶಕರು ಸಾಮಾನ್ಯವಾಗಿ ಕೊಡುವ ಕಾರಣವು ಆತನ ಛಲ. ರಣರಂಗದಲ್ಲಿ ಆತನು ಮಾಡುವ ಪ್ರಲಾಪಗಳನ್ನಾದರೋ ವೀರಕಾವ್ಯದ ನಡುವೆ ಬಂದ ಕರುಣರಸದ ಒಂದು ಅಂಗವೆಂದು ಎಣಿಸಿ, ಛಲದಿಂದ ಬೇರ್ಪಡಿಸಿ ಮೆಚ್ಚುವುದೇ ರೂಢಿಯಾಗಿದೆ. ಈ ವಿಭಾಗವು ಕಾವ್ಯಕ್ಕೆ ನ್ಯಾಯ ಮಾಡುವುದಿಲ್ಲ. ರನ್ನನಲ್ಲಿ ಶೋಕವು ಛಲಕ್ಕೆ ವಿರಾಮವಲ್ಲ. ಕಾವ್ಯದ ಉತ್ತರಾರ್ಧದಲ್ಲಿ ನಾವು ಛಲವೆಂದು ಕರೆಯುವುದು ಬಹುಮಟ್ಟಿಗೆ ಆ ಶೋಕದ ಪರಿಣಾಮವೇ ಆಗಿದೆ.

ಸಂದರ್ಭವನ್ನು ಮೊದಲು ನೆನೆಯಬೇಕು. ಸೇನೆಯೆಲ್ಲ ಅಳಿದ ಮೇಲೆ ದುರ್ಯೋಧನನು ಗದೆಯನ್ನು ಹೊತ್ತು, ಸಂಜಯನೊಬ್ಬನನ್ನೇ ಜೊತೆಗೊಂಡು, ಶರಶಯ್ಯೆಯ ಭೀಷ್ಮನನ್ನು ಕಾಣಲು ಹೆಣಗಳ ನಡುವೆ ನಡೆದು ಹೋಗುವನು. ವ್ಯಾಸಭಾರತದಲ್ಲಿ ರಣಭೂಮಿಯ ಮಹಾರೋದನವು ಯುದ್ಧವು ಮುಗಿದ ಮೇಲೆ ಸ್ತ್ರೀಪರ್ವದಲ್ಲಿ, ಗಾಂಧಾರಿಯ ಮತ್ತು ಸೊಸೆಯಂದಿರ ಬಾಯಲ್ಲಿ ಬರುವುದು. ಸತ್ತವರಿಗೆ ನೀರೆರೆಯುವ ಜಲಪ್ರದಾನಿಕವೂ ಅಲ್ಲಿಯೇ ಸೇರಿದೆ. ರನ್ನನು ಬಹಳ ಮಟ್ಟಿಗೆ ಋಣಿಯಾಗಿರುವ ಭಟ್ಟನಾರಾಯಣನ 'ವೇಣೀಸಂಹಾರ'ದಲ್ಲಿ ದುರ್ಯೋಧನನಿಗೆ ಸಾವಿನ ಸುದ್ದಿಗಳು ಹೆಚ್ಚಾಗಿ ಇತರರ ಬಾಯಿಂದ ತಿಳಿಯುತ್ತವೆ. ಕನ್ನಡ ಕವಿಯು ಈ ಎರಡು ಕ್ರಮಗಳನ್ನೂ ಬಿಟ್ಟನು. ಆತನ ದುರ್ಯೋಧನನು ಸುದ್ದಿಯನ್ನು ಕೇಳಿ ಅಳುವವನಲ್ಲ, ದೇಹವನ್ನು ಕಂಡು ಅಳುವವನು. ಅವನಿಗೆ ಸೂತಕದ ದಿನಗಳಿಲ್ಲ, ಚಿತೆಯಿಲ್ಲ, ನೀರೆರೆಯಲು ಹೊತ್ತಿಲ್ಲ. ದುಃಖವನ್ನು ಮೆಲ್ಲಮೆಲ್ಲನೆ ಇಳಿಸಲು ಲೋಕವು ಏರ್ಪಡಿಸಿಕೊಂಡಿರುವ ಕರ್ಮಗಳಲ್ಲಿ ಒಂದೂ ಆತನಿಗೆ ದೊರೆಯಲಿಲ್ಲ. ಉಳಿದುದು ಮಾತು ಮಾತ್ರ.

ಮಗನಾದ ಲಕ್ಷಣಕುಮಾರನನ್ನು ಕಂಡಾಗ ಈ ಅಭಾವವೇ ಆತನ ಮಾತಿನ ವಿಷಯವಾಗುವುದು. ತಂದೆಗೆ ಜಲಾಂಜಲಿಯನ್ನು ಕೊಡತಕ್ಕವನು ಮಗನು. ಈಗ ತಂದೆಯೇ ಮಗನಿಗೆ ಕೊಡುವಂತಾಯಿತು, ಈ ಕ್ರಮಭಂಗವನ್ನು ನೀನು ಮಾಡಬಹುದೇ ಎಂದು ಅವನು ಸತ್ತ ಮಗನನ್ನೇ ಕೇಳುವನು. ದುಶ್ಶಾಸನನ ಮುಂದೆಯೂ ಇದೇ ಭಾವ, ಆದರೆ ಸಲಿಗೆ ಹೆಚ್ಚು. ತಾಯ ಮೊಲೆವಾಲನ್ನು ಮೊದಲು ಅಣ್ಣನುಂಡನು, ಬಳಿಕ ತಮ್ಮನು. ಊಟದಲ್ಲಿಯೂ ಪಾನದಲ್ಲಿಯೂ ಅದೇ ಕ್ರಮ. ಎಂದೂ ವಿನಯವನ್ನು ಮೀರದಿದ್ದ ತಮ್ಮನು ಸಾವಿನಲ್ಲಿ ಮಾತ್ರ ಅಣ್ಣನನ್ನು ಹಿಂದೆ ಹಾಕಿದನು. ಇಲ್ಲಿ ಸಾವಿನ ಅನಿತ್ಯತೆಯ ಮಾತಿಲ್ಲ, ಸಂಸಾರದ ಅಸಾರತೆಯ ಮಾತಿಲ್ಲ. ರನ್ನನು ಜೈನನು, 'ಅಜಿತಪುರಾಣ'ವನ್ನು ಬರೆದವನು. ವೈರಾಗ್ಯದ ವಾಕ್ಯಗಳು ಆತನಿಗೆ ಸುಲಭವಾಗಿ ದೊರೆಯುತ್ತಿದ್ದುವು. ಆದರೂ ಅವುಗಳನ್ನು ಇಲ್ಲಿಗೆ ತರಲಿಲ್ಲ. ಸಾವು ಎಲ್ಲರಿಗೂ ಬರುವುದೆಂಬುದು ಈ ಅಣ್ಣನ ಸಂಕಟವೇ ಅಲ್ಲ. ಅದು ತಪ್ಪಾದ ಸರದಿಯಲ್ಲಿ ಬಂದಿತೆಂಬುದೇ ಸಂಕಟ. ಹಿರಿಯರು ಕಿರಿಯರನ್ನು ಕಳೆದುಕೊಂಡ ಮನೆಗಳಲ್ಲಿ ಇಂದಿಗೂ ಕೇಳಿಬರುವ ಮೊದಲ ಮಾತು ಇದೇ ಅಲ್ಲವೇ?

ಹಳ್ಳಿಗಾಡಿನಲ್ಲಿ ಹೆಂಗಸರು ಹಾಡಿ ಅಳುವ ಪದ್ಧತಿಯನ್ನು ಬಲ್ಲವರಿಗೆ ಈ ಪದ್ಯಗಳ ಕಟ್ಟು ಹೊಸದಾಗಿ ತೋರದು. ಸತ್ತವರನ್ನು ಸಂಬಂಧದ ಹೆಸರಿನಿಂದ ಕೂಗುವುದು, ಏಕೆ ಓಗೊಡಲೊಲ್ಲೆಯೆಂದು ಕೇಳುವುದು, ಒಡನೆ ಉಂಡುದನ್ನೂ ಉಟ್ಟುದನ್ನೂ ಎಣಿಸುವುದು, ಮುಂದಾಗಿ ಹೋದುದಕ್ಕೆ ಆಕ್ಷೇಪಿಸುವುದು, ಇವೆಲ್ಲ ಆ ಅಳುವಿನಲ್ಲಿಯೂ ಉಂಟು. ಶಾಸ್ತ್ರಕಾರರ ಶೋಕಸ್ಥಾಯಿಯನ್ನು ಅರಿತ ಕವಿಯು ಪಂಡಿತಮಾರ್ಗದ ವೃತ್ತ ಕಂದಗಳಲ್ಲಿ ಇದನ್ನು ಇರಿಸಿದನು. ಅದೂ ಕುರುಪತಿಯ ಬಾಯಲ್ಲಿ! ಮುದುವೊಳಲಿನ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಈತನ ಕಿವಿಯು ಆಸ್ಥಾನದ ಮಾತಿಗಷ್ಟೇ ತೆರೆದಿರಲಿಲ್ಲ ಎಂದು ಊಹಿಸುವುದು ಅತಿಯಾಗಲಾರದು.

ಕರ್ಣನ ಮುಂದೆ ಪ್ರಲಾಪವು ಬೇರೊಂದು ಆಳಕ್ಕೆ ಇಳಿಯುವುದು. ಮೊದಲು ಮೌನದ ಮೇಲಣ ದೂರು: ನಾನು ಬಂದು ನಿಂತಿರುವೆನು, ಎಂದಿನಂತೆ ಜೀಯ ಎನ್ನಲೊಲ್ಲೆಯೇಕೆ? ಅನಂತರ ಒಂದು ರಹಸ್ಯವು ಹೊರಬೀಳುವುದು. ಕರ್ಣನ ಹುಟ್ಟನ್ನು ಅರಿತವರು ಯಾರೆಂದು ದುರ್ಯೋಧನನು ಎಣಿಸುವನು: ಕುಂತಿ, ಕೃಷ್ಣ, ಸೂರ್ಯ, ಸಹದೇವ, ಮತ್ತು ತಾನು. ಹಾಗಾದರೆ ಆತನು ಶತ್ರುಗಳ ಅಣ್ಣನೆಂದು ತಿಳಿದೇ ಕರ್ಣನನ್ನು ಪ್ರೀತಿಸಿದ್ದನು. ಬದುಕಿರುವವರೆಗೆ ಹೇಳದಿದ್ದ ಮಾತನ್ನು ಹೆಣದ ಮುಂದೆ ಹೇಳುವ ಈ ಸ್ಥಳವು ಸ್ನೇಹವನ್ನೇ ಹೊಸದಾಗಿ ಕಾಣುವಂತೆ ಮಾಡುವುದು. ಒಡಹುಟ್ಟಿದವರೆಂದು ಅರಿತಿದ್ದ ಕೆಲವರು ಕೊಲ್ಲಿಸಿದರು. ಅರಿತೂ ಈತನು ಕೈಬಿಡಲಿಲ್ಲ. ಹಳಗನ್ನಡದ ಕರುಣಪ್ರಸಂಗಗಳಲ್ಲಿ ಇದಕ್ಕೆ ಸಮನಾದುದು ವಿರಳ.

ಎಲ್ಲ ಭಾಗಗಳೂ ಹೀಗಿಲ್ಲವೆಂಬುದನ್ನು ಒಪ್ಪಬೇಕು. ದ್ರೋಣನ ಮುಂದಣ ಮಾತು ಸ್ತುತಿಯೇ ಹೊರತು ಶೋಕವಲ್ಲ. ಶಬ್ದಚಮತ್ಕಾರದ ಮೋಹವು ಅಲ್ಲಲ್ಲಿ ಕಣ್ಣೀರನ್ನು ಆರಿಸುವುದು. ಅನುಪ್ರಾಸವನ್ನು ಹುಡುಕಿಕೊಂಡು ಅಳುವವನನ್ನು ನಂಬುವುದು ಕಷ್ಟ. ಅಭಿಮನ್ಯುವಿನ ದೇಹದ ಬಳಿಯಲ್ಲಿ ಮಾತ್ರ ಸ್ತುತಿಯು ಸಹಜವಾಗಿ ನಿಲ್ಲುವುದು. ವೈರಿಯ ಮಗನ ಸಾಹಸದಲ್ಲಿ ಒಂದಂಶದಷ್ಟಾದರೂ ಕೂಡಿದ ಮರಣವು ತನಗಾಗಲಿ ಎಂದು ಅವನು ಬೇಡುವನು. ಮುಂದಿನದನ್ನು ಅವನು ಅಲ್ಲಿಯೇ ನಿಶ್ಚಯಿಸಿಕೊಂಡಂತಿದೆ.

ರಾಘವಾಂಕನ 'ಹರಿಶ್ಚಂದ್ರಕಾವ್ಯ'ದ ಚಂದ್ರಮತಿಯನ್ನು ಪಕ್ಕದಲ್ಲಿಟ್ಟರೆ ಭೇದವು ಸ್ಪಷ್ಟವಾಗುವುದು. ಹಾವು ಕಚ್ಚಿ ಸತ್ತ ಮಗನನ್ನು ನೋಡಲು ಆ ತಾಯಿಗೆ ಒಡೆಯನ ಅನುಮತಿ ಬೇಕು. ಮನೆಗೆಲಸವು ಮುಗಿದ ಮೇಲೆ ಕತ್ತಲೆಯಲ್ಲಿ ಹುಡುಕಿಕೊಂಡು ಹೋಗಬೇಕು. ಸುಡುಗಾಡಿನಲ್ಲಿ ತೆರೆ ಕೇಳುವವನು ಗಂಡನೇ. ಅವಳ ಶೋಕಕ್ಕೆ ಅಡ್ಡಿಯೆಲ್ಲ ಹೊರಗಿನಿಂದ ಬಂದುದು. ಕೊನೆಗೆ ದೇವರು ಬಂದು ಮಗನನ್ನು ಎಬ್ಬಿಸುವುದರಿಂದ ಆ ಶೋಕವು ಉತ್ತರಿಸಲ್ಪಡುವುದು. ಗದಾಯುದ್ಧದಲ್ಲಿ ಎಬ್ಬಿಸುವವರಿಲ್ಲ. ಸಮಾಧಾನ ಹೇಳುವವರು ಮಾತ್ರ ಇದ್ದಾರೆ.

ಆ ಸಮಾಧಾನದ ಮಾತುಗಳು ಅವಿವೇಕದವಲ್ಲ. ತಾಯಿತಂದೆಗಳು ಉಳಿದೊಬ್ಬ ಮಗನಾದರೂ ಬದುಕಲಿ, ಧರ್ಮರಾಯನೊಡನೆ ಸಂಧಿಯಾಗಲಿ ಎನ್ನುವರು. ಭೀಷ್ಮನೂ ಅದನ್ನೇ ಹೇಳುವನು. ದುರ್ಯೋಧನನ ಉತ್ತರವನ್ನು ಹಠವೆಂದು ತಳ್ಳಿಹಾಕದೆ ಗಮನವಿಟ್ಟು ಓದಬೇಕು. ಧರ್ಮರಾಯನ ಮೇಲೆ ಆತನಿಗೆ ಹೇಳಿಕೊಳ್ಳುವಂತಹ ಹಗೆಯಿಲ್ಲ. ಕರ್ಣನನ್ನು ಕೊಂದ ಅರ್ಜುನ, ದುಶ್ಶಾಸನನನ್ನು ಕೊಂದ ಭೀಮ, ಇವರಿಬ್ಬರೂ ಅಳಿದ ಬಳಿಕ ಸಂಧಿಗೆ ಒಪ್ಪುವೆನೆನ್ನುವನು. ಅಜ್ಜನ ಮುಂದೆ ಇನ್ನೂ ಮುಂದಕ್ಕೆ ಹೋಗಿ, ತಾನು ಕಾದುವುದು ನೆಲಕ್ಕಾಗಿಯಲ್ಲ ಛಲಕ್ಕಾಗಿ ಎನ್ನುವನು. ಇಷ್ಟನ್ನು ಎಲ್ಲರೂ ಉದಾಹರಿಸುವರು. ಅದಕ್ಕೆ ಕೊಡುವ ಕಾರಣವನ್ನು ಉದಾಹರಿಸುವವರು ಕಡಮೆ. ಕರ್ಣನನ್ನು ಕೊಲ್ಲಿಸಿದ ಈ ನೆಲವು ತನಗೆ ಹಾಳುನೆಲ. ಇದರೊಡನೆ ಮತ್ತೆ ಕೂಡಿ ಬಾಳಲಾರೆನು ಎಂಬುದು ಆ ಕಾರಣ. ಯಾವ ನೆಲಕ್ಕಾಗಿ ಯುದ್ಧವು ಹೂಡಲ್ಪಟ್ಟಿತೋ ಅದೇ ಈಗ ಕೊಲೆಯಲ್ಲಿ ಪಾಲುಗೊಂಡಂತೆ ಆತನ ಕಣ್ಣಿಗೆ ತೋರುವುದು. ಹೆತ್ತವರೂ ಅಜ್ಜನೂ ಉಳಿದುದೆಷ್ಟೆಂದು ಲೆಕ್ಕ ಮಾಡುತ್ತಿದ್ದಾರೆ. ಅವನು ಉಳಿದುದನ್ನು ಯಾರೊಡನೆ ಅನುಭವಿಸಬೇಕೆಂದು ಕೇಳುತ್ತಿದ್ದಾನೆ. ಭೀಷ್ಮನು ಇದನ್ನು ಅರಿತವನಂತೆ ಸಂಧಿಯ ಮಾತನ್ನು ಅಲ್ಲಿಗೆ ಬಿಟ್ಟು, ವೈಶಂಪಾಯನ ಸರೋವರದಲ್ಲಿ ಹೊತ್ತು ಕಳೆಯುವಂತೆ ಹೇಳಿ ಮೊಮ್ಮಗನನ್ನು ಬೀಳ್ಕೊಡುವನು.