ಭಾನುವಾರದ ಆರು ಓವರು

ಚುಟುಕು ಕ್ರಿಕೆಟ್ 2003ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು ಎನ್ನುವುದು ದಾಖಲೆಯ ಮಾತು. ಬೆಂಗಳೂರಿನ ರಾಜಾಜಿನಗರ, ಕಮಲಾನಗರ, ವಿಜಯನಗರದ ಮೈದಾನಗಳಲ್ಲಿ ಬೆಳೆದವರು ಅದನ್ನು ಒಪ್ಪಲಾರರು. ಆರು ಓವರಿನ, ಎಂಟು ಓವರಿನ ಟೆನಿಸ್ ಬಾಲ್ ಮ್ಯಾಚುಗಳು ಇಲ್ಲಿ ಅದಕ್ಕೂ ಎಷ್ಟೋ ಮೊದಲಿನಿಂದ ನಡೆಯುತ್ತಿದ್ದವು. ಅವುಗಳನ್ನು ಹುಡುಗಾಟ ಎಂದು ಪಕ್ಕಕ್ಕಿಟ್ಟೇ ಕರ್ನಾಟಕದ ಕ್ರಿಕೆಟ್ ಚರಿತ್ರೆಯನ್ನು ಬರೆದುಕೊಂಡು ಬಂದಿದ್ದೇವೆ. ಅದೊಂದು ಪರಂಪರೆ, ಅದರ ಗುಣವನ್ನೂ ದೋಷವನ್ನೂ ಪರಂಪರೆಯದೆಂದೇ ಅಳೆಯಬೇಕು.

ಆಟದ ಉದ್ದವನ್ನು ನಿರ್ಧರಿಸುವುದು ಅಭಿರುಚಿಯಲ್ಲ, ಬಿಡುವು. 1974ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಬಾಂಬೆಯ ಸತತ 15 ರಣಜಿ ಪ್ರಶಸ್ತಿಗಳ ಓಟವನ್ನು ನಿಲ್ಲಿಸಿತು. ಪ್ರಸನ್ನ ಎಂಜಿನಿಯರಿಂಗ್ ಓದಿದವರು. ಭದ್ರಾವತಿಯ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರಿಯಲ್ಲಿದ್ದವರು. ಆಮೇಲೆ ಬಂದ ಶ್ರೀನಾಥ್, ಮೈಸೂರು ರಸ್ತೆಯ ಆರ್‌ವಿ ಕಾಲೇಜಿನಲ್ಲಿ ಓದಿದ ಕುಂಬ್ಳೆ ಇಬ್ಬರೂ ಎಂಜಿನಿಯರುಗಳೇ. ಅವರ ಪ್ರತಿಭೆಯನ್ನು ಇದು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ದಿನಗಟ್ಟಲೆ ಬಿಳಿ ಬಟ್ಟೆ ತೊಟ್ಟು ನಿಲ್ಲಬೇಕಾದರೆ ಹಿಂದೆ ಓದೋ, ರಜೆ ಕೊಡುವ ನೌಕರಿಯೋ, ಕಾಯಬಲ್ಲ ಮನೆಯೋ ಇರಬೇಕು.

ರಾಜಾಜಿನಗರ 1949ರಲ್ಲಿ ಶುರುವಾದದ್ದೇ ಕೈಗಾರಿಕಾ ಬಡಾವಣೆಯಾಗಿ. ಸುತ್ತಮುತ್ತ ಬಿನ್ನಿ, ಮಿನರ್ವಾ ಮಿಲ್ಲುಗಳು, ಸಾಬೂನು ಕಾರ್ಖಾನೆ, ಆಮೇಲೆ ಪೀಣ್ಯದ ಶೆಡ್ಡುಗಳು. ಪಾಳಿ ಮುಗಿಸಿದವನಿಗೆ ಸಿಗುತ್ತಿದ್ದದ್ದು ವಾರಕ್ಕೊಂದು ದಿನ. ಆ ದಿನ ಒಂದೇ ಮೈದಾನಕ್ಕೆ ಐದಾರು ತಂಡ: ಒಬ್ಬರ ಫೈನ್ ಲೆಗ್‌ನಲ್ಲಿ ಇನ್ನೊಬ್ಬರ ಪಿಚ್. ಅಲ್ಲಿ ಆರು ಓವರಿಗಿಂತ ಹೆಚ್ಚು ಆಡಿದರೆ ಮುಂದಿನ ತಂಡ ಜಗಳಕ್ಕೆ ನಿಲ್ಲುತ್ತಿತ್ತು. ಇಂಗ್ಲೆಂಡಿನಲ್ಲೂ ಹೀಗೇ. 1962ರಲ್ಲಿ ಹವ್ಯಾಸಕ್ಕೆ ಆಡುವ ಜಂಟಲ್‌ಮನ್, ಸಂಬಳಕ್ಕೆ ಆಡುವ ಪ್ಲೇಯರ್ ಎಂಬ ಭೇದ ರದ್ದಾಯಿತು. ಮರುವರ್ಷವೇ ಜಿಲೆಟ್ ಕಪ್ ಎಂಬ ಸೀಮಿತ ಓವರುಗಳ ಪಂದ್ಯಾವಳಿ ಬಂತು. ಅಲ್ಲಿ ಟಿ-20 ಹುಟ್ಟಿದ್ದೂ ಕೆಲಸ ಮುಗಿಸಿ ಸಂಜೆ ಬರುವವರನ್ನು ನೆಚ್ಚಿಕೊಂಡೇ.

ಈ ಆಟದ ಕಸುಬು ಚೆಂಡಿನಲ್ಲೇ ಇದೆ. ಟೆನಿಸ್ ಬಾಲಿಗೆ ತೂಕ ಕಡಿಮೆ, ಪುಟಿತ ಜಾಸ್ತಿ. ಗುಡ್ ಲೆಂತ್‌ನಲ್ಲಿ ಹಾಕಿದರೆ ಎದೆಮಟ್ಟಕ್ಕೆದ್ದು ಹೊಡೆತಕ್ಕೆ ಹೇಳಿಮಾಡಿಸಿದ ಹಾಗೆ ಸಿಗುತ್ತದೆ. ಹಾಗಾಗಿ ಬೌಲರ್‌ಗೆ ಯಾರ್ಕರ್ ಬಿಟ್ಟರೆ ಗತಿಯಿಲ್ಲ; ಬ್ಯಾಟ್ಸ್‌ಮನ್ನನ ಹೆಬ್ಬೆರಳಿಗೆ ಗುರಿಯಿಟ್ಟು ಓವರ್ ಪೂರ್ತಿ ಎಸೆಯುವುದನ್ನು ಅವನು ಕಲಿಯಲೇಬೇಕು. ಬ್ಯಾಟ್ಸ್‌ಮನ್ನನಿಗೂ ಸುಲಭವಿಲ್ಲ. ಚೆಂಡಿನ ವೇಗವನ್ನೇ ಬಳಸಿ ಸುಮ್ಮನೆ ತಿರುಗಿಸಿಬಿಟ್ಟರೆ ಅದು ದೂರ ಹೋಗದು, ಭುಜದಿಂದ ಬೀಸಬೇಕು. ಕ್ರಾಸುಗಳಲ್ಲಿ ಇದಕ್ಕೆ ತದ್ವಿರುದ್ಧ: ಚೆಂಡು ನೇರವಾಗಿ ಕಾಂಪೌಂಡಿಗೆ ಬಿದ್ದರೆ ಔಟ್, ಒನ್ ಪಿಚ್ ಕ್ಯಾಚ್ ಹಿಡಿದರೂ ಔಟ್. ಹೀಗಾಗಿ ಅಡ್ಡರಸ್ತೆಯ ಹುಡುಗ ಚೆಂಡನ್ನು ನೆಲಕ್ಕೆ ಒತ್ತಿ ಆಡುವುದನ್ನು ಯಾವ ಕೋಚಿನ ಹಂಗೂ ಇಲ್ಲದೆ ಕಲಿತ.

ದೋಷವನ್ನೂ ಹೇಳಬೇಕು. ಹೊಲಿಗೆಯಿಲ್ಲದ ಚೆಂಡು ಸೀಮ್ ಆಗುವುದಿಲ್ಲ, ಆದ್ದರಿಂದ ಚೆಂಡನ್ನು ಬಿಡುವ ವಿವೇಕ ಇಲ್ಲಿ ಬೆಳೆಯುವುದಿಲ್ಲ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆಯರ ನಾಡಿನಲ್ಲಿ ಈ ಶಾಲೆ ಸ್ಪಿನ್ನನ್ನು ಬೆಳೆಸಲಿಲ್ಲ. ಆರು ಓವರಿನಲ್ಲಿ ಹೊಡೆಸಿಕೊಂಡು ಮೋಸ ಮಾಡುವ ತಾಳ್ಮೆಗೆ ಜಾಗವೆಲ್ಲಿ? ಈ ಮೈದಾನಗಳಲ್ಲಿ ಹುಡುಗಿಯರಿಗಂತೂ ಜಾಗವೇ ಇರಲಿಲ್ಲ. ಅದು ಸ್ಪಿನ್ನಿಗಿಂತ ದೊಡ್ಡ ನಷ್ಟ.

ಟಿ-20 ಬಂದಾಗ ಬೇಡಿಕೆ ಬಂದದ್ದು ಈ ಯಾರ್ಕರಿಗೆ, ಈ ಬೀಸಿಗೆ. ತಮಿಳುನಾಡಿನ ಚಿನ್ನಪ್ಪಂಪಟ್ಟಿಯ ನಟರಾಜನ್ ಟೆನಿಸ್ ಬಾಲಿನಿಂದ ಬಂದವರು. 2017ರಲ್ಲಿ ಐಪಿಎಲ್ ಅವರಿಗೆ 3 ಕೋಟಿ ರೂಪಾಯಿ ಕೊಟ್ಟಿತು. ದಾವಣಗೆರೆಯ ಆಟೊ ಚಾಲಕರೊಬ್ಬರ ಮಗ ವಿನಯ್ ಕುಮಾರ್ 2013-14, 2014-15ರಲ್ಲಿ ಕರ್ನಾಟಕಕ್ಕೆ ಎರಡು ರಣಜಿ ಗೆದ್ದುಕೊಟ್ಟರು. ಆದರೆ ಇಂಥ ಹೆಸರುಗಳನ್ನು ಹುಡುಕಿ ಹೇಳಬೇಕಾಗಿದೆ ಎನ್ನುವುದೇ ನನ್ನ ತಕರಾರು. ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ದಾಟಬೇಕಾದರೆ ಸಾವಿರಗಟ್ಟಲೆ ರೂಪಾಯಿಯ ಬ್ಯಾಟು, ಪ್ಯಾಡು, ಅಕಾಡೆಮಿಯ ತಿಂಗಳ ಫೀಸು ಬೇಕು. 2024ರಲ್ಲಿ ಶುರುವಾದ ಐಎಸ್‌ಪಿಎಲ್ ಎಂಬ ಲೀಗ್ ಟೆನಿಸ್ ಬಾಲನ್ನೇ ಸ್ಟೇಡಿಯಮ್ಮಿಗೆ ಒಯ್ದಿತು. ಬೆಂಗಳೂರು ತಂಡದ ಒಡೆಯ ಒಬ್ಬ ಹಿಂದಿ ಚಿತ್ರನಟ.

ಐಪಿಎಲ್‌ನ ಮೊದಲ ಪಂದ್ಯ ನಡೆದದ್ದು ನಮ್ಮ ಚಿನ್ನಸ್ವಾಮಿಯಲ್ಲಿ, 2008ರ ಏಪ್ರಿಲ್ 18ರಂದು. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆದುಕೊಂಡೇ ಆ ಗೇಟಿಗೆ ಹೋಗಬಹುದು. ದಾರಿ ಹತ್ತಿರವಾಯಿತು, ಟಿಕೆಟ್ಟು ಕೈಗೆಟುಕದಾಯಿತು. 2025ರ ಜೂನ್ 4ರಂದು ಆರ್‌ಸಿಬಿಯ ಕಪ್ಪು ನೋಡಲು ಬಂದವರಲ್ಲಿ 11 ಮಂದಿ ಅದೇ ಗೇಟುಗಳ ಬಳಿ ಕಾಲ್ತುಳಿತದಲ್ಲಿ ಸತ್ತರು. ಚುಟುಕು ಆಟದ ಮೇಲೆ ಕೋಟಿಗಳನ್ನು ಕಟ್ಟಿದವರು ಅದರ ಅಭಿಮಾನಿಗೆ ಕ್ಷೇಮವಾಗಿ ನಿಲ್ಲುವ ಜಾಗವನ್ನೂ ಕೊಡಲಿಲ್ಲ. ಇದನ್ನು ಅಪಘಾತ ಎಂದಷ್ಟೇ ಬರೆದು ಮುಗಿಸಲು ನನ್ನಿಂದಾಗದು.

ರಾಜ್ಯ ಕ್ರಿಕೆಟ್ ಸಂಸ್ಥೆ ಪಶ್ಚಿಮ ಬೆಂಗಳೂರಿನ ಈ ಮೈದಾನಗಳಿಗೆ ಮ್ಯಾಟಿಂಗ್ ಹಾಸಿ, ಭಾನುವಾರ ಬೆಳಿಗ್ಗೆ ಬಿಟ್ಟಿ ಲೆದರ್ ಬಾಲು, ಪ್ಯಾಡು ಕೊಟ್ಟು, ಹುಡುಗ ಹುಡುಗಿಯರನ್ನು ಸಾಲಾಗಿ ಬೌಲ್ ಮಾಡಿಸಿ ನೋಡಲಿ. ಯಾರ್ಕರ್ ಅವರಿಗೆ ಆಗಲೇ ಬರುತ್ತದೆ. ಹೊಲಿಗೆ ಹಿಡಿಯುವುದನ್ನು ಯಾರಾದರೂ ಹೇಳಿಕೊಡಬೇಕು.